ಜನ ಹೆಚ್ಚಿದರೆ ಕಾಡು ಏಕೆ ಸವೆಯುತ್ತದೆ?

ಜನ ಹೆಚ್ಚಿದರು, ಆದ್ದರಿಂದಲೇ ಕಾಡು ಹಾಳಾಯಿತು ಎಂದು ಹೇಳುವುದುಂಟು. ಅದು ಪೂರಾ ಸುಳ್ಳಲ್ಲ. ಹಳೆಯ ಧರ್ಮಪುರಿ ಜಿಲ್ಲೆಯಲ್ಲಿ 2001ರ ಜನಗಣತಿಯಂತೆ ಸುಮಾರು 28.6 ಲಕ್ಷ ಜನರಿದ್ದರು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. 2011ರಲ್ಲಿ ಎರಡೂ ಜಿಲ್ಲೆ ಕೂಡಿ ಸುಮಾರು 33.9 ಲಕ್ಷ. ಭೂಮಿ ಮಾತ್ರ ಇದ್ದಷ್ಟೇ. ಆದರೆ ಸಂಖ್ಯೆಯೇ ಹೋಗಿ ಕೊಡಲಿ ಹಿಡಿಯುವುದಿಲ್ಲ. ನಡುವೆ ನಡೆಯುವುದೇನೆಂದು ನೋಡೋಣ.

ದೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರಂ ಕಡೆಯ ಮಳೆಯಾಶ್ರಯದ ಹೊಲವನ್ನು ತೆಗೆದುಕೊಳ್ಳಿ. ತಂದೆಗೆ ಆರು ಎಕರೆ ಇದ್ದರೆ ನಾಲ್ಕರಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಉಳಿದೆರಡು ಎಕರೆ ಬೀಳು. ಬೀಳಿನಲ್ಲಿ ದನ ಮೇಯುತ್ತಿತ್ತು, ಮಣ್ಣೂ ದಣಿವಾರಿಸಿಕೊಳ್ಳುತ್ತಿತ್ತು. ಮೂವರು ಮಕ್ಕಳು ಪಾಲಾದರೆ ತಲೆಗೆ ಎರಡು ಎಕರೆ. ಬೀಳು ಬಿಡುವ ಧೈರ್ಯ ಯಾರಿಗುಂಟು? ಎಲ್ಲವೂ ಉಳುಮೆಗೆ ಬರುತ್ತದೆ. ಆದರೆ ಮೂರು ಮನೆಗೂ ಎತ್ತು ಬೇಕು, ನಾಲ್ಕು ಮೇಕೆ ಬೇಕು, ಮೂರು ಒಲೆಗೂ ಸೌದೆ ಬೇಕು. ದನವೆಲ್ಲ ಕಾಡಿಗೇ ನಡೆಯುತ್ತದೆ. ಕಡಿದ ಮರದ ಮೋಟು ಸಾಯುವುದಿಲ್ಲ, ಚಿಗುರುತ್ತದೆ. ಆ ಚಿಗುರನ್ನು ಮೇಕೆ ವರ್ಷ ವರ್ಷವೂ ಕಚ್ಚಿದರೆ ಮರ ಏಳುವುದೇ ಇಲ್ಲ. ತೆರವಾದ ಜಾಗದಲ್ಲಿ ಲಂಟಾನ ಹಬ್ಬುತ್ತದೆ. ಹುಲ್ಲು ಕಾಣದ ಆನೆ ನಮ್ಮ ರಾಗಿಗೆ ಇಳಿಯುತ್ತದೆ.

ಹಾಗೆಂದು ತಪ್ಪನ್ನೆಲ್ಲ ಹಳ್ಳಿಯವರ ಮೇಲೆ ಹೊರಿಸುವುದೂ ಸಲ್ಲದು. ಸೇಲಂ ಜಿಲ್ಲೆಯ ಯೇರ್ಕಾಡಿನಲ್ಲಿ 1820ರ ದಶಕದಲ್ಲಿ ಕಾಫಿ ಬಂದದ್ದು ಬೆಟ್ಟದ ಜನ ಹೆಚ್ಚಿದರೆಂದಲ್ಲ. 1860ರ ದಶಕದ ಮೊದಲಲ್ಲಿ ರೈಲು ಬಂದಾಗ ಅದಕ್ಕೂ ಮರ ಬೇಕಾಯಿತು. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿಯೂ ಹೀಗೆಯೇ: 1970ರ ದಶಕದಲ್ಲಿ ಸರಕಾರವೇ ರಸ್ತೆ ತೆಗೆದು ಬಡವರನ್ನು ನೆಲೆಗೊಳಿಸಿತು, ಆಮೇಲೆ ಹೆಚ್ಚು ಕಾಡು ಹೋದದ್ದು ದೊಡ್ಡ ಗೋಮಾಳಗಳಿಗೆ, ದೂರದ ಪೇಟೆಯ ಮಾಂಸಕ್ಕೆ. ಹೊಸೂರಿನ ಸುತ್ತ ಈಗ ರಾಗಿ ಹೊಲ ಗುಲಾಬಿ, ಟೊಮೇಟೊ, ನಿವೇಶನಗಳಾಗಿವೆ. ಅದನ್ನು ನಡೆಸುವುದು ಬೆಂಗಳೂರಿನ ಪೇಟೆ, ನಮ್ಮ ಮನೆಯ ತೊಟ್ಟಿಲಲ್ಲ.

ಇತ್ತ ಮೇವಿನ ದಾರಿಯೂ ಕಿರಿದಾಗಿದೆ. 2014ರಲ್ಲಿ ಕಾವೇರಿ ಉತ್ತರ ಅಭಯಾರಣ್ಯ ಘೋಷಣೆಯಾಯಿತು. ಅಭಯಾರಣ್ಯಗಳಲ್ಲಿ ದನ ಮೇಯಿಸಕೂಡದೆಂದು 2022ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ಆದ್ದರಿಂದ ಪಾಲಾಗುವಾಗ ಹೊಲ ಹಂಚಿಕೊಂಡರೂ ಸ್ವಲ್ಪ ಬೀಳನ್ನು ಕೂಡಿಟ್ಟುಕೊಳ್ಳುವುದು ಲೇಸು. ಬದುವಿನ ಮೇಲೆ ಗ್ಲಿರಿಸಿಡಿಯ, ಸುಬಾಬುಲ್ ಹಾಕಬಹುದು. ಆಳೆತ್ತರ ಬಂದ ಮೇಲೆ ಸೊಂಟದೆತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತವೆ. ಸುಬಾಬುಲ್ ಸೊಪ್ಪೊಂದನ್ನೇ ಹೊಟ್ಟೆ ತುಂಬ ಹಾಕಬಾರದು. ರಾಗಿ ಹುಲ್ಲಿನೊಡನೆ ಬೆರೆಸಿ ಹಾಕತಕ್ಕದ್ದು.