ನಿಸರ್ಗಸೇವೆಯ ಅವಧಿ ವ್ಯರ್ಥಕಾಲವೇ?

ಪದವಿ ಮುಗಿಸಿದ ಮಗನೋ ಮಗಳೋ ಬಂದು, "ಒಂದು ವರ್ಷ ಕಾಡಿನಲ್ಲಿ ಸೇವೆ ಮಾಡಿ ಆಮೇಲೆ ಉದ್ಯೋಗ ನೋಡುತ್ತೇನೆ" ಎಂದರೆ ನಮ್ಮ ಸಮಾಜದ ಎಷ್ಟು ತಾಯ್ತಂದೆಗಳು ಸಂತೋಷದಿಂದ ಒಪ್ಪಿಯಾರು? ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ಕಾಲ್ಪನಿಕವಾದುದಲ್ಲ. ನಿಸರ್ಗಸಂರಕ್ಷಣೆಗಾಗಿ ತರುಣರು ನಿಯತಕಾಲ ದುಡಿಯುವ ಸೇವಾವ್ಯವಸ್ಥೆ ಆ ದೇಶದಲ್ಲಿದೆ. ಆ ಅವಧಿ ವ್ಯರ್ಥವೋ ಸಾರ್ಥಕವೋ ಎಂಬುದನ್ನು ಶರಣರ ಕಾಯಕತತ್ತ್ವದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಪದ್ಧತಿಯ ಮೂಲ 1933ರಲ್ಲಿದೆ. ಆರ್ಥಿಕ ಮಹಾಕುಸಿತದಿಂದ ಲಕ್ಷಾಂತರ ತರುಣರು ಕೆಲಸವಿಲ್ಲದೆ ಕಂಗೆಟ್ಟಿದ್ದಾಗ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 'ಸಿವಿಲಿಯನ್ ಕನ್ಸರ್ವೇಷನ್ ಕೋರ್' ಎಂಬ ದಳವನ್ನು ಸ್ಥಾಪಿಸಿದರು. ಆರು ತಿಂಗಳು ಒಂದು ಅವಧಿ. ಊಟ, ವಸತಿ, ಬಟ್ಟೆಗಳ ಜೊತೆಗೆ ತಿಂಗಳಿಗೆ 30 ಡಾಲರ್ ವೇತನ; ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಮನೆಗೆ ಸಲ್ಲುತ್ತಿತ್ತು. 1942ರಲ್ಲಿ ನಿಲ್ಲುವವರೆಗೆ ಸುಮಾರು 30 ಲಕ್ಷ ಜನ ಈ ದಳದಲ್ಲಿ ದುಡಿದು 300 ಕೋಟಿಗೂ ಹೆಚ್ಚು ಸಸಿಗಳನ್ನು ನೆಟ್ಟರು. ಆದರೆ ಕಪ್ಪು ಜನಾಂಗದ ತರುಣರನ್ನು ಬಹುಮಟ್ಟಿಗೆ ಪ್ರತ್ಯೇಕ ಶಿಬಿರಗಳಲ್ಲಿ ಇರಿಸಲಾಯಿತು. ಸ್ತ್ರೀಯರಿಗೆ ದಳದಲ್ಲಿ ಪ್ರವೇಶವೇ ಇರಲಿಲ್ಲ. ಕಾಯಕದಲ್ಲಿ ಕುಲಭೇದ, ಲಿಂಗಭೇದಗಳನ್ನು ಒಪ್ಪದ ಶರಣಪರಂಪರೆಯವರು ಈ ಕೊರತೆಯನ್ನು ಗಮನಿಸದೆ ಇರಲಾಗದು.

ಆ ಬೀಜವನ್ನು ಮತ್ತೆ ಬಿತ್ತಿದವಳು ಒಬ್ಬ ವಿದ್ಯಾರ್ಥಿನಿಯೆಂಬುದು ಸಂತೋಷದ ಸಂಗತಿ. ವ್ಯಾಸರ್ ಕಾಲೇಜಿನ ಎಲಿಜಬೆತ್ ಕುಶ್ಮನ್ ಎಂಬವರು 1955ರ ತಮ್ಮ ಪ್ರಬಂಧದಲ್ಲಿ, ರಾಷ್ಟ್ರೀಯ ಉದ್ಯಾನಗಳ ಕೆಲಸಕ್ಕೆ ವಿದ್ಯಾರ್ಥಿಗಳೇ ಹೆಗಲು ಕೊಡಬೇಕೆಂದು ಸೂಚಿಸಿದರು. 1957ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. 1993ರ ಕಾಯಿದೆಯಿಂದ 'ಅಮೆರಿಕೋರ್' ಎಂಬ ರಾಷ್ಟ್ರೀಯ ಸೇವಾಯೋಜನೆ ಹುಟ್ಟಿತು. ಅದರ ಪೂರ್ಣಾವಧಿಯೆಂದರೆ ವರ್ಷದೊಳಗೆ 1700 ಗಂಟೆಗಳ ಸೇವೆ. ಸೇವೆಯ ಕಾಲದಲ್ಲಿ ಅಲ್ಪ ಜೀವನಭತ್ಯೆ. ಅವಧಿಯನ್ನು ಪೂರೈಸಿದವರಿಗೆ ವಿದ್ಯಾಭ್ಯಾಸಕ್ಕೆ ಸಹಾಯಧನ.

ಅಲ್ಲಿ ನಡೆಯುವ ಕೆಲಸ ಯಾವುದು? ಕಾಲುದಾರಿ ಕಡಿಯುವುದು, ಮಳೆನೀರು ದಾರಿಯನ್ನು ಕೊರೆಯದಂತೆ ಅಡ್ಡಲಾಗಿ ಕಲ್ಲು, ದಿಮ್ಮಿಗಳನ್ನು ಹೂಳುವುದು, ಪರದೇಶದ ಕಳೆಗಿಡಗಳನ್ನು ಬೇರುಸಹಿತ ಕೀಳುವುದು, ಸಸಿ ನೆಡುವುದು. ಒಂದು ಬದಿ ಕೊಡಲಿ, ಮತ್ತೊಂದು ಬದಿ ಗುದ್ದಲಿಯಂತಿರುವ 'ಪುಲಾಸ್ಕಿ' ಎಂಬ ಆಯುಧ ಇವರ ಕೈಯ ಸಂಗಾತಿ. ಹಲವು ತಂಡಗಳು ದಿನಗಟ್ಟಲೆ ಡೇರೆಗಳಲ್ಲೇ ವಾಸಿಸಿ, ತಾವೇ ಅಡುಗೆ ಮಾಡಿಕೊಳ್ಳುತ್ತವೆ. 1976ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯಾ ರಾಜ್ಯದ ದಳವಂತೂ ಕಷ್ಟದ ದುಡಿಮೆ, ಕಡಿಮೆ ಕೂಲಿಗಳನ್ನೇ ತನ್ನ ಧ್ಯೇಯವಾಕ್ಯದಲ್ಲಿ ಸಾರಿ ತರುಣರನ್ನು ಕರೆಯಿತು!

ಕೂಲಿ ಪಡೆದರೆ ಅದು ಸೇವೆ ಹೇಗಾದೀತೆಂದು ಕೆಲವರು ಕೇಳಬಹುದು. ಶರಣರು ಪ್ರತಿಫಲವನ್ನು ನಿಷೇಧಿಸಲಿಲ್ಲ. ಅಗತ್ಯಕ್ಕೆ ಮೀರಿದ ಆಸೆಯನ್ನು ನಿಷೇಧಿಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗ ನಮ್ಮ ಮನೆಮನೆಗೂ ತಿಳಿದದ್ದು. ಒಡಲಿಗೆ ಬೇಕಾದಷ್ಟನ್ನು ಪಡೆದು, ಉಳಿದ ಶ್ರಮಫಲವನ್ನು ಲೋಕಕ್ಕೆ ಬಿಡುವ ದುಡಿಮೆ ಕಾಯಕವೂ ಹೌದು, ದಾಸೋಹವೂ ಹೌದು. ಹಿಡಿದ ಅವಧಿಯನ್ನು ಮಳೆ, ಚಳಿ, ಬೇಸರಗಳಿಗೆ ಅಂಜದೆ ಪೂರೈಸುವುದು ನೇಮನಿಷ್ಠೆಗೆ ಸಮಾನ. ಆದರೆ ಭತ್ಯೆ ತೀರ ಅಲ್ಪವಾದರೆ ಉಳ್ಳವರ ಮಕ್ಕಳಷ್ಟೇ ಸೇವೆಗೆ ಬರಬಲ್ಲರೆಂಬ ಆಕ್ಷೇಪ ನ್ಯಾಯವಾದುದು. ಬಡವರಿಗೆ ಬಾಗಿಲು ಮುಚ್ಚುವ ಸೇವೆ ದಾಸೋಹವಾಗಲಾರದು.

ಇತ್ತ ನಮ್ಮ ನಾಡಿನಲ್ಲೂ ಇಂಥ ಬಾಗಿಲೊಂದು ಇದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರವೂ ಉಂಟು. ಅದನ್ನು ಪ್ರಮಾಣಪತ್ರಕ್ಕಾಗಿ ಮುಗಿಸುವ ಶಾಸ್ತ್ರವೆಂದು ಕಾಣದೆ, ಕೆರೆಯ ಹೂಳು ತೆಗೆಯುವ, ನೆಟ್ಟ ಸಸಿಯನ್ನು ಬೇಸಗೆಯಲ್ಲಿಯೂ ಬದುಕಿಸುವ ಕೆಲಸವಾಗಿ ಮಕ್ಕಳು ಕಾಣುವಂತೆ ಮನೆಯ ಹಿರಿಯರು ಪ್ರೇರೇಪಿಸಬೇಕು. ಬಂಡೀಪುರದ ಕಾಡನ್ನು ಲಂಟಾನ ಮುತ್ತಿರುವ ಈ ಕಾಲದಲ್ಲಿ ಕೈಗಳಿಗೆ ಕೆಲಸದ ಕೊರತೆಯಿಲ್ಲ.

2025ರಲ್ಲಿ ಅಮೆರಿಕೆಯ ಸರ್ಕಾರ ಸೇವಾಯೋಜನೆಯ ಅನುದಾನಗಳನ್ನು ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸಿದಾಗ ಅನೇಕ ತರುಣರು ಅವಧಿಯ ನಡುವೆಯೇ ಮನೆಗೆ ಮರಳಬೇಕಾಯಿತು. ಪ್ರಭುತ್ವದ ಕೃಪೆ ಇಂದು ಇದ್ದು ನಾಳೆ ಇಲ್ಲವಾಗಬಹುದು. ಸಮಾಜದ ಸಂಕಲ್ಪ ಹಾಗಾಗಬಾರದು. ಶಾಲೆ, ಪ್ರಸಾದನಿಲಯಗಳನ್ನು ಕಟ್ಟಿ ಬೆಳೆಸಿದ ನಮ್ಮ ಮಠಗಳು, ಸಂಘಗಳು ಬಡ ತರುಣತರುಣಿಯರಿಗೆ ಅನ್ನ, ವಸತಿಗಳನ್ನಿತ್ತು ಒಂದು ಋತುವಿನ ನಿಸರ್ಗಕಾಯಕಕ್ಕೆ ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ. ಮಗಳೋ ಮಗನೋ ಗುದ್ದಲಿ ಹಿಡಿದು ಹೊರಟರೆ "ವರ್ಷ ಹಾಳಾಯಿತು" ಎನ್ನದೆ, ಹಣೆಗೆ ವಿಭೂತಿಯಿಟ್ಟು ಹರಸಿ ಕಳುಹಿಸಿರಿ.