ದೆವ್ವ ನಂಬಿ ಗೆದ್ದ ಏಳು ಅಣ್ಣತಮ್ಮಂದಿರು

ದೇಶ ಇಬ್ಭಾಗವಾದಾಗ ಕರಾಚಿಯ ರೇಡಿಯೊ ಅಂಗಡಿ ಬಿಟ್ಟು ಮುಂಬಯಿ ಸೇರಿದ ಎಫ್.ಯು. ರಾಮ್‌ಸೇ ಅವರ ಮೂಲ ಹೆಸರು ರಾಮ್‌ಸಿಂಘಾನಿ. ಏಳು ಗಂಡುಮಕ್ಕಳು, ಮೇಲೆ ಸಿನಿಮಾ ಹುಚ್ಚು ಬೇರೆ! ಹುಚ್ಚು ಕೈ ಸುಟ್ಟಿತು. 1970ರಲ್ಲಿ ತೆಗೆದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಮಕಾಡೆ ಮಲಗಿತು.

ಆದರೆ ಹುಡುಗರು ಚುರುಕು. ಥಿಯೇಟರಿನಲ್ಲಿ ಕೂತು ನೋಡಿದರೆ, ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ನುಗ್ಗುವ ಸೀನಿಗೆ ಮಾತ್ರ ಜನ ಬೆಚ್ಚಿ ಖುಷಿಪಡುತ್ತಿದ್ದರು. ಸರಿ, ಬರೀ ಅಂಥದ್ದನ್ನೇ ಯಾಕೆ ತೆಗೀಬಾರದು ಅಂತ ಅಪ್ಪನ ತಲೆ ತಿಂದರು. ಅಪ್ಪ ಒಪ್ಪಿದರು.

ಸೆಟ್ ಹಾಕಿಸಲು ದುಡ್ಡೆಲ್ಲಿ ಸ್ವಾಮಿ? ಇಡೀ ಸಂಸಾರವೇ ಗಂಟುಮೂಟೆ ಕಟ್ಟಿ ಮಹಾಬಳೇಶ್ವರದ ಸರ್ಕಾರಿ ಅತಿಥಿಗೃಹಕ್ಕೆ ಹೊರಟಿತು. ಗಂಗು ಕ್ಯಾಮೆರಾ ಹಿಡಿದ, ಕಿರಣ್ ಶಬ್ದ ನೋಡಿಕೊಂಡ, ಕುಮಾರ್ ಕಥೆ ಬರೆದ, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಿದರು. ಅಡುಗೆ ಮನೆಯ ಹೆಂಗಸರದು. ಹೀಗೆ ಹುಟ್ಟಿದ ‘ದೋ ಗಜ್ ಜಮೀನ್ ಕೇ ನೀಚೇ’ 1972ರಲ್ಲಿ ದುಡ್ಡು ತಂದಿತು. ದೊಡ್ಡ ಸ್ಟಾರುಗಳ ಡೇಟಿಗೆ ಕಾಯುವ ಗೋಳೇ ಇಲ್ಲ, ದೆವ್ವವೇ ಸ್ಟಾರು!

ವಿಮರ್ಶಕರು ಮೂಗು ಮುರಿದರು, ಸೆನ್ಸಾರಿನವರು ಕತ್ತರಿ ಆಡಿಸಿದರು. ಸಣ್ಣ ಊರುಗಳ ಪ್ರೇಕ್ಷಕ ಮಾತ್ರ ಕೈಬಿಡಲಿಲ್ಲ. 1984ರ ‘ಪುರಾನಾ ಮಂದಿರ್’ ಭರ್ಜರಿಯಾಗಿ ಓಡಿತು. ಅದರಲ್ಲಿ ಸಾಮ್ರಿ ಎಂಬ ರಾಕ್ಷಸನಾಗಿ ಮಕ್ಕಳ ನಿದ್ದೆ ಕೆಡಿಸಿದ ಅಜಯ್ ಅಗರ್‌ವಾಲ್ ಓದಿದ್ದು ಎಂಜಿನಿಯರಿಂಗ್ ಎಂದರೆ ನಂಬುವುದು ಕಷ್ಟ. 1988ರಲ್ಲಿ ‘ವೀರಾನಾ’ ಬಂತು. ಆಮೇಲೆ ಥಿಯೇಟರಿನ ಕಾವು ಇಳಿಯಿತು, 1993ರಲ್ಲಿ ‘ಜೀ ಹಾರರ್ ಶೋ’ ಮೂಲಕ ದೆವ್ವ ನೇರ ನಡುಮನೆಗೇ ಬಂದು ಕೂತಿತು.

ತುಳಸಿ 2018ರಲ್ಲಿ ತೀರಿಕೊಂಡರು, ಮರುವರ್ಷ ಶ್ಯಾಮ್.