ಗಾಳ ಕೇಳುವ ಮಗನಿಗೆ ಏನು ಹೇಳುವಿರಿ?

ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರು ದಾಟಿದ ಮೇಲೆ ಗೆಜ್ಜಲಗೆರೆ ಸಿಗುತ್ತದೆ. ದಾರಿಹೋಕರಿಗೆ ಅದು ಹಾಲಿನ ಊರು. ಮಂಡ್ಯ ಹಾಲು ಒಕ್ಕೂಟದ ಡೈರಿ ಇರುವುದು ಅಲ್ಲೇ. ಆದರೆ ಹೆಸರನ್ನೊಮ್ಮೆ ಬಿಡಿಸಿ ಹೇಳಿ ನೋಡಿ, ಅದರ ಕೊನೆಯಲ್ಲಿ ಕೆರೆ ಇದೆ. ಈ ಸೀಮೆಯೇ ಅಂಥದ್ದು. ಒಂದು ಕಡೆ ವಿಶ್ವೇಶ್ವರಯ್ಯ ನಾಲೆ, ಇನ್ನೊಂದು ಕಡೆ ಶಿಂಷಾ ಹೊಳೆ, ನಡುವೆ ಕಬ್ಬು, ಭತ್ತ, ಕೆರೆ, ಕಟ್ಟೆ. ನೀರಿದ್ದಲ್ಲಿ ಮೀನಿರುತ್ತದೆ, ಮೀನಿದ್ದಲ್ಲಿ ಹುಡುಗರಿರುತ್ತಾರೆ.

ನಮ್ಮ ಕಾಲದಲ್ಲಿ ಹುಡುಗರ ಮೀನು ಬೇಟೆಗೆ ಖರ್ಚೇ ಇರಲಿಲ್ಲ. ಒಂದು ಬಿದಿರು ಕಡ್ಡಿ, ನಾಲ್ಕು ಮಾರು ನೈಲಾನ್ ದಾರ, ಒಂದು ಗಾಳ, ತೇಲುವುದಕ್ಕೆ ಒಂದು ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಈಗ ಹಾಗಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದ ಮಗ ಬಂದು, "ಅಮ್ಮೀ, ರಾಡು ರೀಲು ತರಿಸಿಕೊಡಿ, ಲ್ಯೂರ್ ಕೂಡ ಬೇಕು" ಎನ್ನುತ್ತಾನೆ. ಅದೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಕೊಡುವ ಉತ್ತರ ಎರಡೇ: "ಸುಮ್ಮನೆ ಓದು ಹೋಗು" ಅಥವಾ "ಅಬ್ಬಾನ್ನ ಕೇಳು". ಬೇಡ ಎನ್ನುವುದಾದರೂ ಬೇಕು ಎನ್ನುವುದಾದರೂ ವಿಷಯ ತಿಳಿದು ಹೇಳುವುದು ಒಳ್ಳೆಯದಲ್ಲವೇ?

ಅಡುಗೆಮನೆಯ ಚಮಚದಿಂದ ಹುಟ್ಟಿದ್ದು

ಗಾಳಕ್ಕೆ ಸಿಕ್ಕಿಸುವ ತಿನ್ನುವ ವಸ್ತು ಎರೆ. ಎರೆಹುಳು, ಹಿಟ್ಟಿನ ಉಂಡೆ, ಸಣ್ಣ ಮೀನು, ಏಡಿ ಇವೆಲ್ಲ ಎರೆಗಳೇ. ಲ್ಯೂರ್ ಎಂದರೆ ತಿನ್ನಲಾಗದ ಎರೆ. ಲೋಹ, ಮರ, ಪ್ಲಾಸ್ಟಿಕ್ಕು ಅಥವಾ ರಬ್ಬರಿನಿಂದ ಮಾಡಿದ ಸುಳ್ಳು ಮೀನು, ಸುಳ್ಳು ಕಪ್ಪೆ.

ಇವುಗಳಲ್ಲಿ ಬಹಳ ಹಳೆಯದೂ ಸರಳವಾದುದೂ 'ಸ್ಪೂನ್'. ಹೆಸರೇ ಹೇಳುವಂತೆ ಅದು ಹಿಡಿಯಿಲ್ಲದ ಚಮಚ. ಅಮೆರಿಕದ ಜೂಲಿಯೋ ಬ್ಯುಯೆಲ್ ಎಂಬವರು ಸರೋವರದಲ್ಲಿ ದೋಣಿಯ ಮೇಲೆ ಕುಳಿತು ಊಟ ಮಾಡುತ್ತಿದ್ದಾಗ ಕೈಜಾರಿ ಬಿದ್ದ ಚಮಚಕ್ಕೆ ಮೀನೊಂದು ಬಾಯಿ ಹಾಕಿತೆಂದೂ, ಅದನ್ನು ಕಂಡು ಅವರಿಗೆ ಈ ಉಪಾಯ ಹೊಳೆಯಿತೆಂದೂ ಕಥೆಯಿದೆ. ಕಥೆ ಹೇಗೇ ಇರಲಿ, 1852ರಲ್ಲಿ ಅವರು ಪೇಟೆಂಟ್ ಪಡೆದದ್ದು ನಿಜ. ನೀರಿನಲ್ಲಿ ಎಳೆದಾಗ ಚಮಚ ಅತ್ತಿತ್ತ ಹೊರಳಿ ಮಿನುಗುತ್ತದೆ. ಗಾಯಗೊಂಡ ಸಣ್ಣ ಮೀನು ಹೊಟ್ಟೆ ಮೇಲಾಗಿ ಒದ್ದಾಡುವಾಗಲೂ ಹೀಗೆಯೇ ಮಿನುಗುತ್ತದೆ. ಬೇಟೆಯಾಡುವ ಮೀನಿಗೆ ಅದು ಸುಲಭದ ತುತ್ತಿನಂತೆ ಕಾಣುತ್ತದೆ.

ಇನ್ನೊಂದು ಕಥೆ ಫಿನ್ಲೆಂಡಿನದು. ಲೌರಿ ರಾಪಾಲಾ ಬಡ ಮೀನುಗಾರ. ದೊಡ್ಡ ಮೀನು ಸಣ್ಣ ಮೀನುಗಳ ಗುಂಪಿಗೆ ನುಗ್ಗುವಾಗ ಓರೆಯಾಗಿ ಈಜುವ ಒಂದನ್ನೇ ಆರಿಸಿಕೊಳ್ಳುವುದನ್ನು ಅವರು ಗಮನಿಸಿದ್ದರು. 1936ರಲ್ಲಿ ಬೆಂಡನ್ನು ಕೆತ್ತಿ, ಅದಕ್ಕೆ ಚಾಕೊಲೇಟಿನ ಬೇಗಡೆ ಸುತ್ತಿ, ಹಳೆಯ ಫೋಟೋ ಫಿಲ್ಮನ್ನು ಕರಗಿಸಿ ಮೇಲೆ ಬಳಿದು ಓರೆಯಾಗಿ ಈಜುವ ಮೀನೊಂದನ್ನು ಮಾಡಿದರು. ಮನೆಯವರೆಲ್ಲ ಕುಳಿತು ಮಾಡುತ್ತಿದ್ದ ಈ ಕೆಲಸವೇ ಮುಂದೆ ಜಗತ್ತಿಗೆಲ್ಲ ಲ್ಯೂರ್ ಮಾರುವ ಕಂಪೆನಿಯಾಯಿತು. ಈ ಬಗೆಯ ಮರಿಮೀನಿನಾಕಾರದ ಲ್ಯೂರ್‌ಗೆ ಪ್ಲಗ್ ಎನ್ನುತ್ತಾರೆ. ಅದರ ಮೂತಿಯ ಕೆಳಗಿರುವ ತುಟಿಯಂಥ ತಗಡು ನೀರನ್ನು ತಳ್ಳುವುದರಿಂದ ಎಳೆದಂತೆಲ್ಲ ಅದು ಕೆಳಕ್ಕೆ ಮುಳುಗಿ ನಡುಗುತ್ತದೆ.

ಕಲಕು ನೀರಿನಲ್ಲಿ ಮೀನಿಗೆ ಇದು ಹೇಗೆ ತಿಳಿಯುತ್ತದೆ? ಮೀನಿನ ಪಕ್ಕೆಯ ಮೇಲೆ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುವುದನ್ನು ಹೆರೆಯುವಾಗ ನೀವು ನೋಡಿರುತ್ತೀರಿ. ನೀರಿನ ಅಲುಗಾಟವನ್ನು ಅರಿಯುವ ಅಂಗವದು. ಲ್ಯೂರ್ ನಡುಗಿದರೆ ಆ ಗೆರೆಗೆ ಸುದ್ದಿ ಮುಟ್ಟುತ್ತದೆ.

ಯಾವ ಮೀನಿಗೆ ಯಾವುದು?

ಎಲ್ಲ ಮೀನೂ ಲ್ಯೂರ್‌ಗೆ ಬೀಳುವುದಿಲ್ಲ. ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲಾ, ರೋಹು, ಮೃಗಾಲ್, ಗೆಂಡೆ ಇವೆಲ್ಲ ಸಣ್ಣ ಜೀವಿ, ಸಸ್ಯ, ಕೆಸರಿನಲ್ಲಿರುವ ಆಹಾರ ತಿಂದು ಬದುಕುವಂಥವು. ಇವಕ್ಕೆ ಹಿಟ್ಟಿನ ಉಂಡೆಯೇ ಸರಿ. ಜಿಲೇಬಿ ಮೀನಿಗೆ ಎರೆಹುಳು ಸಾಕು. ಕೊರವ ಮೀನು ಹಾಗಲ್ಲ. ಅದು ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುತ್ತದೆ. ಹಾಗಾಗಿ ಅದಕ್ಕೆ ರಬ್ಬರಿನ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸುವಂತೆ ಎಳೆಯುತ್ತಾರೆ. ಹೊಳೆಯ ಬಾಳೆ ಮೀನು ದೊಡ್ಡ ಬಾಯಿಯ ಬೇಟೆಗಾರ. ಚಮಚಕ್ಕೂ ಪ್ಲಗ್ಗಿಗೂ ಬರುತ್ತದೆ.

ರಾಡು ಎಂದರೆ ಗಾಜಿನ ನಾರು ಅಥವಾ ಕಾರ್ಬನ್ನಿನಿಂದ ಮಾಡಿದ ಬಾಗುವ ಕೋಲು. ರೀಲು ದಾರ ಸುತ್ತುವ ರಾಟೆ. ರೀಲಿನಲ್ಲಿ ಒಂದು ಬಿಗಿತ ಇರುತ್ತದೆ. ಮೀನು ಜೋರಾಗಿ ಎಳೆದರೆ ದಾರ ಕಡಿಯದಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹುಡುಗರು ರೋಮಾಂಚನ ಎನ್ನುವುದು ಈ ಎಳೆದಾಟವನ್ನೇ. ಆದರೆ ಗಾಳದ ತುದಿಯಲ್ಲಿರುವ ಮೀನಿಗೆ ಅದು ಆಟವಲ್ಲ ಎಂಬುದನ್ನೂ ಮರೆಯಬಾರದು.

ಮುದ್ದೆ ತಿನ್ನುವ ರಾಜ

ಈ ಆಟದಲ್ಲಿ ಜಗತ್ತೇ ಹೆಸರು ಹೇಳುವ ಮೀನು ನಮ್ಮ ಜಿಲ್ಲೆಯಲ್ಲೇ ಇದೆ ಎಂದರೆ ನಂಬುತ್ತೀರಾ? ಮಳವಳ್ಳಿ ತಾಲೂಕಿನ ಮುತ್ತತ್ತಿ, ಭೀಮೇಶ್ವರಿಯ ಕಡೆ ಕಾವೇರಿಯ ಮಡುಗಳಲ್ಲಿರುವ ಬಿಳಿಮೀನು ಅದು. ಇಂಗ್ಲಿಷಿನಲ್ಲಿ ಮಹಶೀರ್. ಅದರಲ್ಲೂ ಬೆನ್ನ ಮೇಲೆ ಗೂನಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಗೂನು ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಒಬ್ಬ ಹೆಂಗಸಿನ ತೂಕ!

ಇಷ್ಟು ದೊಡ್ಡ ಮೀನಿಗೆ ಏನು ಎರೆ ಗೊತ್ತೇ? ರಾಗಿ ಹಿಟ್ಟು. ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ದರು. ಮಂಡ್ಯದ ಮೀನು ಮಂಡ್ಯದ ಜನರಂತೆಯೇ ಮುದ್ದೆಗೆ ಒಲಿಯುತ್ತಿತ್ತು. ಏಡಿ, ಸಣ್ಣ ಮೀನು, ಚಮಚ, ಪ್ಲಗ್ಗುಗಳನ್ನೂ ಬಳಸುತ್ತಿದ್ದರು. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ನುಂಗಿದ್ದನ್ನು ಅಲ್ಲಿ ಅರೆಯುತ್ತದೆ. ಅದರ ಬಿಗಿತಕ್ಕೆ ಕಡಿಮೆ ಬೆಲೆಯ ಗಾಳ ಚಪ್ಪಟೆಯಾಗುತ್ತದೆ.

1977ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಈ ಮೀನನ್ನು ಹುಡುಕುತ್ತ ಭಾರತಕ್ಕೆ ಬಂದರು. ಕಾವೇರಿಯಲ್ಲಿ ಅವರಿಗೆ ಸಿಕ್ಕ ಮೀನುಗಳ ಸುದ್ದಿ ಹೊರದೇಶಗಳಿಗೆ ಹರಡಿತು. ಆ ಮೇಲೆ ದೂರದೂರದ ಗಾಳಗಾರರು ಇಲ್ಲಿಗೆ ಬರತೊಡಗಿದರು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮರಳಿ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮವಾಯಿತು.

ಆಟವೋ, ಕಾವಲೋ?

"ಹಿಡಿದು ಬಿಡುವುದಾದರೆ ಹಿಡಿಯುವುದೇಕೆ? ಸುಮ್ಮನೆ ಒಂದು ಜೀವವನ್ನು ನೋಯಿಸುವುದೇಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿನ್ನಲು ಹಿಡಿಯುವುದು ಬೇರೆ, ಮೋಜಿಗೆ ಹಿಂಸಿಸುವುದು ಬೇರೆ ಎಂಬ ಪಾಠ ನಮ್ಮ ಮನೆಗಳಿಗೆ ಹೊಸದಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಕಾವೇರಿಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವ ಕೆಟ್ಟ ಅಭ್ಯಾಸವಿತ್ತು. 1897ರ ಕಾಯ್ದೆಯಲ್ಲೇ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧ. ಆದರೂ ನಡೆಯುತ್ತಿತ್ತು. ಒಂದು ಸಿಡಿಮದ್ದಿಗೆ ಮಡುವಿನ ದೊಡ್ಡ ಮೀನು, ಮರಿ ಎಲ್ಲ ಸಾಯುತ್ತವೆ. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಶಿಬಿರ ನಡೆಸಿತು. ಹಿಂದೆ ಕಳ್ಳಬೇಟೆಯಾಡುತ್ತಿದ್ದ ಕೆಲವರಿಗೆ ಅತಿಥಿಗಳಿಗೆ ಮಡು ತೋರಿಸುವ, ಹರಿಗೋಲು ನಡೆಸುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಮೀನು ಬದುಕಿದ್ದರೆ ತಿಂಗಳ ಸಂಬಳ ಎಂದಾದಾಗ ಮದ್ದು ಹಾಕುವ ಕೈ ಹಿಂದೆ ಸರಿಯಿತು.

ಈ ಪ್ರದೇಶ 1987ರಿಂದ ಕಾವೇರಿ ವನ್ಯಜೀವಿ ಧಾಮ. ವನ್ಯಜೀವಿ ಕಾನೂನಿನ ಪ್ರಕಾರ ಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವು ಬಂದು 2012ರ ಹೊತ್ತಿಗೆ ಈ ಆಟ ನಿಂತಿತು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಗಾಳಗಾರರ ಜೊತೆಗೆ ನದಿಯ ದಂಡೆಯಲ್ಲಿ ಇರುತ್ತಿದ್ದ ಅವರ ಕಣ್ಣುಗಳೂ ಹೋದವು, ಕೆಲವು ಮನೆಗಳ ಸಂಬಳವೂ ಹೋಯಿತು ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ.

ಆ ಶಿಬಿರಗಳ ಹಳೆಯ ಪುಸ್ತಕಗಳು ಮಾತ್ರ ಉಪಕಾರ ಮಾಡಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ ಒಂದು ದುಃಖದ ಸಂಗತಿ ಹೊರಬಂತು. ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿತ್ತು, ನಮ್ಮದೇ ಆದ ಗೂನು ಮಹಶೀರ್ ಕಡಿಮೆಯಾಗುತ್ತ ಹೋಗಿತ್ತು. ಸಿಕ್ಕ ಕೆಲವೇ ಗೂನು ಮೀನುಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗಿದ್ದವು. ದೊಡ್ಡದು ಸಿಕ್ಕಿತೆಂದು ಗಾಳಗಾರನಿಗೆ ಸಂತೋಷ. ಆದರೆ ಅದರ ಅರ್ಥ, ಮರಿಗಳು ಬೆಳೆದು ಬರುತ್ತಿಲ್ಲ. ಮಕ್ಕಳ ಸದ್ದಿಲ್ಲದೆ ಮುದುಕರಷ್ಟೇ ಉಳಿದ ಮನೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ನೀಲಿ ರೆಕ್ಕೆಯದು ಇಲ್ಲಿಯದಲ್ಲ. ಮಹಾರಾಷ್ಟ್ರದ ಲೋನಾವಾಳದ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟಿದ್ದರು. ಹೊರಗಿನದು ಬಂದು ಮನೆಯದಕ್ಕೆ ಜಾಗ ಇಲ್ಲದಂತಾಯಿತು ಎಂಬುದು ಸಂಶೋಧಕರ ಅನುಮಾನ. ಅದರ ಜೊತೆಗೆ ಅಣೆಕಟ್ಟು, ಮರಳು ತೆಗೆಯುವುದು, ಕೊಳೆ ನೀರು ಇವೂ ಇವೆ. ಮಳೆಗಾಲದಲ್ಲಿ ಮೇಲಕ್ಕೆ ಈಜಿ ಹೋಗಿ ನುಣುಪು ಕಲ್ಲುಗಳ ನಡುವೆ ಮೊಟ್ಟೆಯಿಡುವ ಮೀನು ಅದು. ದಾರಿ ಮುಚ್ಚಿದರೆ, ತಳ ಬಗೆದರೆ ಅದು ಎಲ್ಲಿಗೆ ಹೋಗಬೇಕು?

ಇನ್ನೂ ಆಶ್ಚರ್ಯವೆಂದರೆ ಇಷ್ಟು ಪ್ರಸಿದ್ಧ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಗೊತ್ತಾಗಿರಲಿಲ್ಲ. 2010ರಲ್ಲಿ ಕೇರಳದ ಪಂಬಾರ್ ಹೊಳೆಯ ಮೀನುಗಳಿಗೆ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ಗೂನು ಮಹಶೀರ್ ಕೂಡ ಅದೇ ಎಂದು 2018ರಲ್ಲಿ ತಿಳಿಯಿತು. ರೆಮಾದೇವಿ ಎಂಬುದು ಮೀನುಗಳನ್ನು ಅಧ್ಯಯನ ಮಾಡಿದ ಮಹಿಳಾ ವಿಜ್ಞಾನಿಯೊಬ್ಬರ ಹೆಸರು. ಅದೇ ವರ್ಷ ಈ ಮೀನು ಅಳಿವಿನ ಅಂಚಿಗೆ ತೀರಾ ಹತ್ತಿರದಲ್ಲಿದೆ ಎಂದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಹೆಸರು ಸಿಗುವುದಕ್ಕೂ ಉಸಿರು ನಿಲ್ಲುವ ಭಯ ಬರುವುದಕ್ಕೂ ಒಂದೇ ಗಳಿಗೆ.

ಮಗನಿಗೆ ಹೇಳಬೇಕಾದ ಮಾತುಗಳು

ಇಷ್ಟೆಲ್ಲ ತಿಳಿದ ಮೇಲೆ ನೀವು ಗಾಳ ಕೊಡಿಸುವಿರೋ ಇಲ್ಲವೋ ನಿಮಗೆ ಬಿಟ್ಟದ್ದು. ಕೊಡಿಸುವುದಾದರೆ ಈ ಮಾತುಗಳನ್ನೂ ಜೊತೆಗೇ ಕೊಡಿ.

ಮೊದಲನೆಯದು ನೀರಿನ ಭಯ. ವಿಶ್ವೇಶ್ವರಯ್ಯ ನಾಲೆಯ ದಂಡೆ ಜಾರುತ್ತದೆ, ನೀರು ಮೇಲಿಂದ ಶಾಂತವಾಗಿ ಕಂಡರೂ ಒಳಗೆ ಸೆಳೆಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿಯಲ್ಲಿ ಬಸ್ಸು ಈ ನಾಲೆಗೆ ಉರುಳಿ 30 ಜನ ತೀರಿಕೊಂಡದ್ದನ್ನು ಈ ಜಿಲ್ಲೆಯ ಯಾವ ತಾಯಿಯೂ ಮರೆಯಲಾರಳು. ಮಗ ಒಬ್ಬನೇ ಹೋಗಬಾರದು. ಈಜು ಬರುವ ದೊಡ್ಡವರು ಜೊತೆಗಿರಬೇಕು. ಗಾಳ ಸಿಕ್ಕಿಕೊಂಡರೆ ಬಿಡಿಸಲು ನೀರಿಗಿಳಿಯದೆ ದಾರ ಕತ್ತರಿಸಬೇಕು. ಗಾಳ ಹೋದರೆ ಇನ್ನೊಂದು ತರಬಹುದು.

ಎರಡನೆಯದು ವಿದ್ಯುತ್ ತಂತಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಗದ್ದೆಯ ಮೇಲೆ ತಂತಿ ಹಾದುಹೋದ ಕಡೆ, ಗುಡುಗು ಮಿಂಚಿನ ಹೊತ್ತಿನಲ್ಲಿ ರಾಡು ಎತ್ತಲೇಬಾರದು.

ಮೂರನೆಯದು ಗಾಳ ಮತ್ತು ಸೀಸ. ಗಾಳ ಬೆರಳಿಗೆ ಆಳವಾಗಿ ಚುಚ್ಚಿಕೊಂಡರೆ ಎಳೆಯದೆ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಸೀಸದ ಗುಂಡನ್ನು ಹಲ್ಲಿನಿಂದ ಒತ್ತುವ ಅಭ್ಯಾಸ ಬಿಡಿಸಿ. ಸೀಸ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಲ್ಯೂರ್, ಗುಂಡು ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿ ಎತ್ತರದಲ್ಲಿಡಿ.

ನಾಲ್ಕನೆಯದು ಹಕ್ಕಿನ ಮಾತು. ಕೆರೆಯ ಮೀನು ಯಾರದ್ದೂ ಅಲ್ಲ ಎಂದು ಹುಡುಗರು ತಿಳಿದಿರುತ್ತಾರೆ. ಎಷ್ಟೋ ಕೆರೆಗಳನ್ನು ಮೀನುಗಾರರ ಸಂಘಗಳು ಗುತ್ತಿಗೆಗೆ ಪಡೆದು, ಹಣ ಹಾಕಿ ಮರಿ ಬಿಟ್ಟಿರುತ್ತವೆ. ಅವರನ್ನು ಕೇಳದೆ ಹಿಡಿದರೆ ಅದು ಇನ್ನೊಬ್ಬರ ದುಡಿಮೆ. ವನ್ಯಜೀವಿ ಧಾಮದೊಳಗೆ ಮೀನು ಹಿಡಿಯುವುದು ನಿಷಿದ್ಧ.

ಐದನೆಯದು ಕಸದ ಮಾತು. ನೈಲಾನ್ ದಾರ ಕೊಳೆಯುವುದಿಲ್ಲ. ನಮ್ಮ ಮದ್ದೂರು ತಾಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಊರ ಜನರ ಮನೆಯಂಗಳದ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಮರಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದ. ಬಿಸಾಡಿದ ದಾರ ಕಾಲಿಗೆ, ಕೊಕ್ಕಿಗೆ ಸುತ್ತಿಕೊಂಡರೆ ಹಕ್ಕಿ ಹಸಿದೇ ಸಾಯುತ್ತದೆ, ಗೂಡಿನ ಮರಿಗಳೂ ಸಾಯುತ್ತವೆ. ತುಂಡು ದಾರ ಜೇಬಿಗೆ ಹಾಕಿಕೊಂಡು ಮನೆಗೆ ತರಲಿ.

ಕೊನೆಯದು ದಯೆಯ ಮಾತು. ಸಾರಿಗೆ ಬೇಕಾದಷ್ಟು ಹಿಡಿಯಲಿ. ಮರಿ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ಬೇಗನೆ ಬಿಡಲಿ. ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತು ರೋಗ ಬರುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ.

ಇನ್ನು ಮಗ ತಂದ ಕೆರೆ ಮೀನಿಗೆ ಮಣ್ಣಿನ ವಾಸನೆ ಇದೆಯೆಂದು ಮೂಗು ಮುರಿಯಬೇಡಿ. ನೀರಿನ ಸೂಕ್ಷ್ಮ ಜೀವಿಗಳಿಂದ ಬರುವ ವಾಸನೆಯದು. ಹುಳಿಗೆ ಅದು ಒಡೆಯುತ್ತದೆ. ಉಪ್ಪು, ಅರಿಶಿನ ಹಚ್ಚಿ ತೊಳೆದು, ಹುಣಸೆ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಸಾರು ಮಾಡಿ.

ಊಟಕ್ಕೆ ಕುಳಿತಾಗ ಅವನಿಗೆ ಕಾವೇರಿಯ ಗೂನು ಮೀನಿನ ಕಥೆ ಹೇಳಿ. ಗಾಳ ಹಾಕುವುದನ್ನು ವಿಡಿಯೋ ಕಲಿಸುತ್ತದೆ. ಎಷ್ಟು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನೆಯೇ ಕಲಿಸಬೇಕು.